ಜನ ಪರಿಸರ ಹೋರಾಟಕ್ಕೆ ಇಳಿಯುವುದು ಯಾವಾಗ?

ಭಾಷಣ, ಪೋಸ್ಟರ್‌ಗಳಿಂದ ಅರಿವು ಮೂಡಿಸಿದರೆ ಜನ ತಾವಾಗಿಯೇ ಬರುತ್ತಾರಾ, ನಮ್ಮೂರ ಕೆರೆ ಉಳಿಸಲು ಜನರನ್ನು ಹೇಗೆ ಸೇರಿಸಲಿ ಅಂತ ಕೇಳಿದ್ದೀರಿ. ಅರಿವು ಬೇಕು, ನಿಜ. ಆದರೆ ಬರೀ ಅರಿವಿಗೆ ಯಾರೂ ಮನೆಯಿಂದ ಹೊರಡುವುದಿಲ್ಲ ಅಂತ ನನಗನ್ನಿಸುತ್ತದೆ. ಬದುಕಿಗೆ ಬೇಕಾದದ್ದು ಕಣ್ಣೆದುರೇ ಹೋಗುತ್ತಿರಬೇಕು, ಗುರುತಿನವರು ಬಂದು ಕರೆಯಬೇಕು.

ಶಿರಸಿ ಕಡೆಯ ಅಪ್ಪಿಕೋ ಚಳವಳಿಯನ್ನೇ ನೋಡಿ. ಅಲ್ಲಿನ ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪೇ ಆಧಾರ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಳಸುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬಂದು, ಸಗಣಿ ಜೊತೆ ಗೊಬ್ಬರವಾಗಿ ತೋಟ ಸೇರುತ್ತದೆ. ಹಳ್ಳದ ನೀರು ಬರುವುದೂ ಕಾಡಿನಿಂದಲೇ. ಅಂಥ ಕಾಡನ್ನು ಅರಣ್ಯ ಇಲಾಖೆ ಕಡಿದು ಸಾಗವಾನಿ ನೆಡುತ್ತಾ ಹೋದರೆ ಏನಾಗುತ್ತದೆ ಅಂತ ರೈತರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಹಿಮಾಲಯದ ಕಡೆ ಮರ ಅಪ್ಪಿಕೊಂಡು ಕಾಡು ಉಳಿಸುವ ಚಿಪ್ಕೊ ಚಳವಳಿಯಲ್ಲಿದ್ದ ಸುಂದರಲಾಲ್ ಬಹುಗುಣ ಬಂದು ಅಲ್ಲಿನ ಅನುಭವ ಹೇಳಿದ್ದರು. ಪಾಂಡುರಂಗ ಹೆಗಡೆಯವರಂಥ ಪರಿಸರ ಕಾರ್ಯಕರ್ತರು ಜನರ ಜೊತೆಗಿದ್ದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಪಕ್ಕದ ಮನೆಯವರೇ ಹೊರಟಾಗ ನಾವು ಜಗುಲಿ ಮೇಲೆ ಸುಮ್ನೆ ಕೂತಿರಲು ಆಗುತ್ತದಾ? ಈ ಸಂಕೋಚದ ಬಲ ದೊಡ್ಡದು. ಹೋರಾಟದ ಬಗ್ಗೆ ಬರೆಯುವವರು ಇದನ್ನು ಜಾಸ್ತಿ ಗಮನಿಸುವುದಿಲ್ಲ.

ಇನ್ನೊಂದು, ಬಂದವರ ಕೈಗೆ ಕೆಲಸ ಇರಬೇಕು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಊರ ಗೋಮಾಳದಂಥ ಜಾಗದಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಮೇವು, ಸೌದೆ ಕಳೆದುಕೊಂಡವರಿಗೆ ಇದು ಘೋಷಣೆ ಕೂಗುವುದಕ್ಕಿಂತ ಹತ್ತಿರದ ಕೆಲಸ, ಅಲ್ವಾ?

ಹೊಟ್ಟೆಪಾಡಿನ ಪ್ರಶ್ನೆಯೇ ಆಗಬೇಕು ಅಂತಿಲ್ಲ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ವಿರೋಧಿಸಿ ಸಾವಿರಾರು ಜನ ಮಾನವ ಸರಪಳಿ ಮಾಡಿದರು. ದಿನಾ ಓಡಾಡುವ ರಸ್ತೆಯ ನೂರಾರು ಮರ ಹೋಗುತ್ತವೆ ಅನ್ನುವ ಸಂಕಟವೂ ಅವರನ್ನು ಕರೆತಂದಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಹಾಗಾಗಿ ನಿಮ್ಮ ಕೆರೆಗೆ ಪೋಸ್ಟರ್ ಆಮೇಲೆ ಮಾಡಿಸಿ. ಮೊದಲು ಕೆರೆ ಕೆಳಗಿನ ಗದ್ದೆಯವರು, ಮೀನು ಹಿಡಿಯುವವರು, ದನ ಕಾಯುವವರು, ಏರಿ ಮೇಲೆ ವಾಕಿಂಗ್ ಹೋಗುವವರು, ಇವರನ್ನೆಲ್ಲ ಮಾತಾಡಿಸಿ. ಕೆರೆ ಹಾಳಾಗಿ ಅವರಿಗೆ ಏನು ತೊಂದರೆ ಆಗಿದೆ ಕೇಳಿ. ಆಮೇಲೆ ಭಾನುವಾರ ಬೆಳಿಗ್ಗೆ ತೂಬಿನ ಹತ್ತಿರ ಕಸ ತೆಗೆಯೋಣ ಬನ್ನಿ ಅಂತ ಮನೆಮನೆಗೆ ಹೋಗಿ ಕರೆಯಿರಿ.