ಪ್ರಾಯೋಜಕರ ಹಣ, ಒಂದು ದಿನದ ಗಿಡ

ಪ್ರಶ್ನೆ: ನಮ್ಮ ಕಾಲೇಜಿನ ಪರಿಸರ ಸಂಘಕ್ಕೆ ಕಂಪನಿಯೊಂದು ಹಣ ಕೊಡುತ್ತದಂತೆ. ಜೂನ್ 5ರಂದು, ವಿಶ್ವ ಪರಿಸರ ದಿನಕ್ಕೆ, ಸಸಿ ನೆಡೋಣ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಹಣಕ್ಕೆ ಒಪ್ಪಿ, ಒಂದೇ ದಿನದ ಕಾರ್ಯಕ್ರಮಕ್ಕೆ ಬೇಡ. ಹಣವೆಲ್ಲ ಬ್ಯಾನರ್, ಟೀ ಶರ್ಟಿಗೆ ಹೋಗಿ, ನೀರು ಹಾಕುವವರಿಲ್ಲದೆ ಸಸಿ ಒಣಗುತ್ತದೆ. ನೆಟ್ಟ ಹುಡುಗರಿಗೆ ಇದಕ್ಕಿಂತ ಕೆಟ್ಟ ಪಾಠ ಬೇರೆ ಇಲ್ಲ. ಸಸಿಯೇ ಬೇಕೆಂದರೆ 2-3 ವರ್ಷದ ನೀರು, ಬೇಲಿಯ ಖರ್ಚನ್ನೂ ಕೇಳಿ.

ನಮ್ಮ ಸಲಹೆ, ಕಸದಿಂದ ಶುರುಮಾಡಿ. ಸತತ 5 ದಿನ ಕ್ಯಾಂಟೀನಿನ ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ ತೂಗಿ ಬರೆದಿಡಿ. ಹಸಿ ಕಸವನ್ನು ಗೊಬ್ಬರ ಮಾಡಿ. ಬೇಕಾಗುವುದು ತಕ್ಕಡಿ, ಕೈಗವಸು, ಗೊಬ್ಬರಕ್ಕೆ ಗಾಳಿಯಾಡುವ ಎರಡು ತೊಟ್ಟಿ. ಒಂದು ತುಂಬಿ ಮಾಗುವಾಗ ಇನ್ನೊಂದು ಬಳಕೆಗೆ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ ಹಾಕಿ, ವಾರಕ್ಕೊಮ್ಮೆ ಮಗುಚಿ. ಹಿಡಿಯಷ್ಟು ತೆಗೆದು ಹಿಂಡಿದಾಗ ಒಂದೆರಡು ಹನಿ ಮಾತ್ರ ಬಂದರೆ ತೇವ ಸರಿಯಿದೆ. ನಾತ ಬಂದರೆ ಗಾಳಿ ಸಾಲದು, ಎಲೆ ಸೇರಿಸಿ ಮಗುಚಿ. ರಜೆಯಲ್ಲಿ ನೋಡಿಕೊಳ್ಳುವವರ ಹೆಸರು ಮೊದಲೇ ಗೊತ್ತುಮಾಡಿ. ಹೆಚ್ಚಿನ ತೊಟ್ಟಿಗಳು ಕೆಡುವುದು ಆಗಲೇ.

ಒಪ್ಪಂದದಲ್ಲಿ ಒಂದು ಮಾತು ಬರೆಸಿಕೊಳ್ಳಿ: ಒಣ ಕಸದಲ್ಲಿ ಆ ಕಂಪನಿಯದೇ ಪೊಟ್ಟಣ ಹೆಚ್ಚಿದ್ದರೂ ಲೆಕ್ಕವನ್ನು ವಿದ್ಯಾರ್ಥಿಗಳು ಪ್ರಕಟಿಸಬಹುದು.