ಒಂದೆರಡು ಸಲ ಮಲೇರಿಯಾ ಬಂದು ಹೋದರೆ ಮಗುವಿಗೆ ತಡೆಯುವ ಶಕ್ತಿ ತಾನಾಗಿಯೇ ಬರುತ್ತದೆಯೇ?

ಮೂರು ವರ್ಷದ ಮಗನನ್ನು ಕರೆದುಕೊಂಡು ಟಾಂಜಾನಿಯಾಕ್ಕೆ ಹೋಗುತ್ತಿದ್ದೀರಿ. ಅಲ್ಲಿನ ಮಕ್ಕಳ ಹಾಗೆ ಇವನಿಗೂ ಶಕ್ತಿ ಬರುತ್ತಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ನಂಬಿದ್ದವಳು.

ನನ್ನ ಗಂಡನಿಗೆ ಮ್ವಾಂಜಾದಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ, ಮೀನಿನ ಕಾರ್ಖಾನೆಯೊಂದರ ಲೆಕ್ಕ ಬರೆಯುವ ಕೆಲಸ. ಮಗಳಿಗೆ ಎರಡು ವರ್ಷವಿದ್ದಾಗ ಮೊದಲ ಸಲ ಮಲೇರಿಯಾ ಬಂತು. ಅಲ್ಲಿ 'ಮ್ಸೆಟೊ' ಅನ್ನುವ ಮೂರು ದಿನದ ಮಾತ್ರೆಯನ್ನು ಹಾಲಿನ ಜೊತೆ ಕೊಟ್ಟೆ, ಹುಷಾರಾದಳು. ಅದೇ ವರ್ಷ ಪಕ್ಕದ ಮನೆಯ ಎಂಟು ವರ್ಷದ ಹುಡುಗನಿಗೆ ಶಾಲೆಯಲ್ಲಿ ರಕ್ತ ನೋಡಿದಾಗ ಮಲೇರಿಯಾ ಇತ್ತು. ಅವನು ಅವತ್ತು ಸಂಜೆಯೂ ಬೀದಿಯಲ್ಲಿ ಚೆಂಡಾಡುತ್ತಿದ್ದ. ದಡಾರ ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ, ಇದೂ ಹಾಗೇ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮುಂದಿನ ಮಳೆಗಾಲ. ಭಾನುವಾರ ಸಂಜೆ ಮಗಳ ಮೈ ಬಿಸಿಯಾಯಿತು. ಪ್ಯಾರಾಸಿಟಮಾಲ್ ಸಿರಪ್ ಹಾಕಿದೆ. ಬೆಳಿಗ್ಗೆ ಜ್ವರ ಇರಲಿಲ್ಲ, ಅರ್ಧ ದೋಸೆ ತಿಂದಳು. ನಾನು ಎಡವಿದ್ದು ಇಲ್ಲೇ. ಅವಳ ಮೈಯೇ ರೋಗವನ್ನು ಸೋಲಿಸಿತು ಅಂದುಕೊಂಡೆ. ಮಲೇರಿಯಾ ಜ್ವರ ಏರುತ್ತದೆ, ಇಳಿಯುತ್ತದೆ. ಇಳಿದಾಗಲೂ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಬೆಳೆಯುತ್ತಲೇ ಇರುತ್ತದೆ. ಸಿರಪ್ ಮೈ ತಣ್ಣಗೆ ಮಾಡುತ್ತದೆ, ಅಷ್ಟೇ. ಬೆರಳು ಚುಚ್ಚಿ ನೋಡುವ ಪರೀಕ್ಷೆಗೆ 15-20 ನಿಮಿಷ ಸಾಕಿತ್ತು. ದವಾಖಾನೆ ನಡೆದು ಹೋಗುವಷ್ಟು ಹತ್ತಿರ. ಹೋಗಲಿಲ್ಲ. ಸೋಮವಾರ ರಾತ್ರಿ ಮತ್ತೆ ಜ್ವರ ಬಂತು, ಮತ್ತೆ ಸಿರಪ್ ಹಾಕಿದೆ. ಮರೆತು ಸುಮ್ಮನಿದ್ದದ್ದಲ್ಲ, ಮೈ ಕಲಿಯಲಿ ಅಂತ ಬೇಕಂತಲೇ ಕಾದೆ. ಮಂಗಳವಾರ ನಸುಕಿಗೆ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ಹಾಕಿದರು, ಮಲೇರಿಯಾಕ್ಕೆ ಆರ್ಟಿಸುನೇಟ್ ಇಂಜೆಕ್ಷನ್ ಕೊಟ್ಟರು, ರಕ್ತ ಕೊಟ್ಟರು. ಐದು ದಿನವಾಯಿತು. ಉಳಿದಳು.

ಆ ಶಕ್ತಿ ಸುಳ್ಳೇನಲ್ಲ. 1961ರಲ್ಲಿ ಗ್ಯಾಂಬಿಯಾದಲ್ಲಿ ದೊಡ್ಡವರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು, ಅಂದರೆ ರೋಗದ ವಿರುದ್ಧ ಮೈ ತಯಾರಿಸುವ ಪ್ರೋಟೀನುಗಳನ್ನು, ಕಾಯಿಲೆ ಬಿದ್ದ ಮಕ್ಕಳಿಗೆ ಕೊಟ್ಟಾಗ ಅವರ ರಕ್ತದಲ್ಲಿ ಮಲೇರಿಯಾ ಕಡಿಮೆಯಾಯಿತು. ಆದರೆ ಅದು ಬರೋದು ನಿಧಾನ. ಮಲೇರಿಯಾ ತರುವ ಫಾಲ್ಸಿಪಾರಮ್ ಅನ್ನುವ ಪರಾವಲಂಬಿ ತಾನು ಹೊಕ್ಕ ರಕ್ತಕಣದ ಮೇಲೆ ಒಂದು ಪ್ರೋಟೀನಿನ ವೇಷ ತೊಡುತ್ತದೆ. ಅಂಥ ವೇಷಗಳಿಗೆ ಅದರ ಹತ್ತಿರ ಸುಮಾರು 60 ಜೀನ್‌ಗಳಿವೆ. ಮೈ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ತೊಟ್ಟಿರುತ್ತದೆ. ಅಲ್ಲಿನ ಮಕ್ಕಳಿಗೆ ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯ ಪ್ರತಿಕಾಯಗಳ ಆಸರೆ ಇರುತ್ತದೆ. ನಾನು ದಾವಣಗೆರೆಯವಳು, ಮಗಳಿಗೆ ಕೊಡಲು ನನ್ನ ಹತ್ತಿರ ಅದೂ ಇರಲಿಲ್ಲ. ಆಮೇಲೆ ಸೊಳ್ಳೆ ಕಚ್ಚಿ ಕಚ್ಚಿ, ಮೊದಲು ಪ್ರಾಣಕ್ಕೆ ಬರುವ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ವರ್ಷಗಳು ಕಳೆದ ಮೇಲೆ ಜ್ವರವೂ ಅಪರೂಪವಾಗುತ್ತದೆ. ದೊಡ್ಡವರಾದರೂ ರಕ್ತದಲ್ಲಿ ಪರಾವಲಂಬಿ ಇದ್ದೇ ಇರಬಹುದು.

ಆಸ್ಪತ್ರೆಗೆ ಊಜಿ ಗಂಜಿ ತಂದವರು ಆ ಚೆಂಡಾಡುವ ಹುಡುಗನ ತಾಯಿ. ನನ್ನ ಮಗಳ ತಲೆ ಸವರುತ್ತಾ ಹೇಳಿದರು: ಅವನಿಗಿಂತ ಮುಂಚೆ ಒಬ್ಬಳಿದ್ದಳು, ಎರಡು ವರ್ಷ ತುಂಬುವ ಮೊದಲೇ 'ಡೆಗೆಡೆಗೆ'ಯಲ್ಲಿ ಹೋದಳು. ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬಂದರೆ ಅಲ್ಲಿ ಹಾಗನ್ನುತ್ತಾರೆ. ನಾನು ಬೀದಿಯಲ್ಲಿ ಓಡಾಡುವ ಮಕ್ಕಳನ್ನು ಮಾತ್ರ ನೋಡಿ ಲೆಕ್ಕ ಹಾಕಿದ್ದೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಮಂದಿ. ನೂರಕ್ಕೆ 95 ಸಾವು ಆಫ್ರಿಕಾದಲ್ಲಿ. ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. ಮೈ ಕಲಿಯುವ ವಯಸ್ಸೂ ಅದೇ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ಬಿಟ್ಟುಬಿಡಿ ಅಂತೀನಿ. ಶಕ್ತಿ ಬರಿಸುವ ಯೋಚನೆ ಬೇಡವೇ ಬೇಡ. ಔಷಧಿ ಹಚ್ಚಿದ ಸೊಳ್ಳೆಪರದೆ ಪ್ರತಿ ರಾತ್ರಿ ಇರಲಿ. ತಡೆಯುವ ಮಾತ್ರೆ ಬಗ್ಗೆ ಹೊರಡುವ ಮುಂಚೆಯೇ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ. ನಮ್ಮ ಪುಣೆಯಲ್ಲೇ ತಯಾರಾಗುವ ಆರ್21 ಅನ್ನುವ ಮಲೇರಿಯಾ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಒಪ್ಪಿದೆ, ಅದನ್ನೂ ವಿಚಾರಿಸಿ. ಜ್ವರ ಬಂದರೆ ಅವತ್ತೇ ಪರೀಕ್ಷೆ ಮಾಡಿಸಿ, ಇಳಿದಿದ್ದರೂ ಸರಿ. ರಜೆಗೆ ಊರಿಗೆ ಬಂದಾಗ ಮಗುವಿಗೆ ಜ್ವರ ಬಂದರೆ, ಟಾಂಜಾನಿಯಾದಿಂದ ಬಂದಿದ್ದೇವೆ ಅಂತ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ.