ಬೇಡ ಅನ್ನುವುದಕ್ಕೂ ಒಂದು ಬಾಗಿಲಿದೆ

ಓದುಗರ ಪತ್ರ, ಉತ್ತರ

ಕಳೆದ ಸಂಚಿಕೆಯಲ್ಲಿ ಡಯಾಲಿಸಿಸ್ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗದಾನದ್ದು. ಮಂಗಳೂರಿನಲ್ಲಿ ಐಸಿಯು ನರ್ಸ್ ಆಗಿ ಹದಿನೇಳು ವರ್ಷ, ಅಂಗ ಕಸಿಯ ಸಂಯೋಜಕಿಯಾಗಿ ಒಂಬತ್ತು ವರ್ಷ ದುಡಿದು ಈಗ ಉಡುಪಿಯ ಕಿನ್ನಿಮುಲ್ಕಿಯಲ್ಲಿ ಇದ್ದೇನೆ. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇನೆ.

ಶಂಕರಪುರದ ಕಡೆಯಿಂದ ಒಬ್ಬ ಹೆಣ್ಣುಮಗಳು: ನನಗೆ 34 ವರ್ಷ. ಶಂಕರಪುರದ ಹತ್ತಿರ ಮನೆ, ಮಲ್ಲಿಗೆ ಕೃಷಿ. ತಮ್ಮನ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವರದ್ದು ಆಗುವುದಿಲ್ಲ ಎಂದರು. ಅಣ್ಣಂದಿರು ಇಬ್ಬರಿದ್ದಾರೆ, ಪರೀಕ್ಷೆ ಕೂಡ ಮಾಡಿಸಿಲ್ಲ. "ದುಡಿಯುವ ಗಂಡಸರು, ಮನೆ ನಡೆಯಬೇಕಲ್ಲ" ಎನ್ನುತ್ತಾರೆ. ನನ್ನದು ಹೊಂದುತ್ತದಂತೆ. ನಾನು ಕೊಟ್ಟೇ ಕೊಡುತ್ತೇನೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ, ನನ್ನನ್ನು ಯಾರೂ ಕೇಳಲಿಲ್ಲ. ಎರಡು ಸಣ್ಣ ಮಕ್ಕಳಿದ್ದಾರೆ, ಹೆದರಿಕೆ ಆಗುತ್ತದೆ. ಬೇಡ ಎಂದರೆ ತಮ್ಮನನ್ನು ಕೊಂದ ಹಾಗೆ ಆಗುತ್ತದೆಯೇ?

ಆಗುವುದಿಲ್ಲ ತಂಗಿ. ತಮ್ಮನ ಜೀವಕ್ಕೆ ಕುತ್ತು ತಂದಿರುವುದು ಅವನ ಕಾಯಿಲೆ. ನೀವು ಕೊಟ್ಟರೆ ಅದು ದೊಡ್ಡ ಉಪಕಾರ. ಕೊಡದಿದ್ದರೆ ಯಾರ ಸಾಲವನ್ನೂ ಬಾಕಿ ಉಳಿಸಿದ ಹಾಗಾಗುವುದಿಲ್ಲ.

"ದುಡಿಯುವ ಗಂಡಸರು" ಎಂಬ ಮಾತು ಓದಿ ನನಗೆ ಸಿಟ್ಟು ಬಂತು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಎಂಟುನೂರು ಹೂವಿಗೊಂದು ಚೆಂಡು, ನಾಲ್ಕು ಚೆಂಡಿಗೊಂದು ಅಟ್ಟೆ ಕಟ್ಟಿ ಹೊತ್ತಿಗೆ ಸರಿಯಾಗಿ ಹೂ ಮಾರುವ ಕಟ್ಟೆಗೆ ಮುಟ್ಟಿಸುವವರು ನೀವು. ಅದು ದುಡಿಮೆಯೇ. ನನ್ನ ಒಂಬತ್ತು ವರ್ಷದಲ್ಲಿ ಕಿಡ್ನಿ ಕೊಡಲು ಬಂದು ಎದುರಿನ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಹೆಂಗಸರು: ಅಮ್ಮ, ಹೆಂಡತಿ, ಅಕ್ಕ. ತೆಗೆದುಕೊಳ್ಳಲು ಬಂದವರು ಹೆಚ್ಚಾಗಿ ಗಂಡಸರು. ಕೆಲವರು ನಿಜವಾಗಿಯೂ ಪ್ರೀತಿಯಿಂದ ಬಂದಿದ್ದರು, ಅವರ ಮುಖದಲ್ಲೇ ಅದು ಗೊತ್ತಾಗುತ್ತಿತ್ತು. ಇನ್ನು ಕೆಲವರು ನನ್ನ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಗಂಡನ ಕಡೆಗೋ ಅತ್ತೆಯ ಕಡೆಗೋ ತಿರುಗಿ ನೋಡುತ್ತಿದ್ದರು. ಆಗ ನಾನು ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದೆ.

ಈ ಅಪಾಯ ಕಾನೂನು ಮಾಡಿದವರಿಗೂ ಗೊತ್ತಿತ್ತು. 1994ರ ಅಂಗಾಂಗ ಕಸಿ ಕಾಯ್ದೆಯ ಅಡಿಯಲ್ಲಿ 2014ರಲ್ಲಿ ಬಂದ ನಿಯಮಗಳ ಪ್ರಕಾರ, ದಾನಿ ಹೆಂಗಸಾದರೆ ಹೆಚ್ಚಿನ ಎಚ್ಚರ ವಹಿಸಬೇಕು. ಅವಳ ಗುರುತನ್ನೂ ಸ್ವಂತ ಒಪ್ಪಿಗೆಯನ್ನೂ ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು. ಹಾಗಾಗಿ ಆಸ್ಪತ್ರೆಗೆ ಹೋದಾಗ "ನನಗೆ ಒಬ್ಬಳೇ ಮಾತಾಡಬೇಕು" ಎಂದು ಕೇಳಿ. ಅಷ್ಟು ಸಾಕು. ಒಳಗೆ ಹೇಳಿದ್ದು ಹೊರಗೆ ಹೋಗಬಾರದು. ಮನೆಯವರ ಎದುರು ಬೇಡ ಎನ್ನಲು ಆಗದಿದ್ದರೆ ವೈದ್ಯರು "ಇವರು ದಾನಿಯಾಗಿ ಹೊಂದುವುದಿಲ್ಲ" ಎಂದಷ್ಟೇ ತಿಳಿಸುವ ಕ್ರಮವೂ ಇದೆ. ಅದು ಸುಳ್ಳು ಹೇಳಿದ ಹಾಗಾಗಲಿಲ್ಲವೇ ಎಂದು ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ಕೇಳಿದ್ದಳು. ಮನಸ್ಸಿಲ್ಲದವರು ಹೊಂದುವುದಿಲ್ಲ ಎಂಬುದು ಸತ್ಯವೇ ಎಂದು ನನ್ನ ನಂಬಿಕೆ. ಸಹಿ ಹಾಕಿದ ಮೇಲೂ, ಆಪರೇಷನ್ ಥಿಯೇಟರಿನ ಬಾಗಿಲಿನವರೆಗೂ, ನೀವು ಹಿಂದೆ ಸರಿಯಬಹುದು.

ಕೊಡುವ ಮನಸ್ಸಾದರೆ ಅಪಾಯವನ್ನು ಸರಿಯಾಗಿ ತಿಳಿದುಕೊಳ್ಳಿ. ಒಂದು ಕಿಡ್ನಿಯಲ್ಲಿ ಆರೋಗ್ಯವಾಗಿ ಬದುಕಬಹುದು, ಉಳಿದ ಕಿಡ್ನಿ ಹೆಚ್ಚಿನ ಕೆಲಸಕ್ಕೆ ಹೊಂದಿಕೊಳ್ಳುತ್ತದೆ. ಆದರೂ ಅಪಾಯ ಸೊನ್ನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಹಿಂದೆ ಮಾಡಿದ ದೊಡ್ಡ ಲೆಕ್ಕದಲ್ಲಿ ಹತ್ತು ಸಾವಿರ ದಾನಿಗಳಲ್ಲಿ ಸುಮಾರು ಮೂವರು ಶಸ್ತ್ರಚಿಕಿತ್ಸೆಯ ನಂತರದ ಮೂರು ತಿಂಗಳಲ್ಲಿ ತೀರಿಕೊಂಡಿದ್ದರು. ಇನ್ನೊಂದು ಮಗು ಬೇಕೆಂದಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ. ಕಿಡ್ನಿ ಕೊಟ್ಟವರಿಗೆ ಬಸುರಿನಲ್ಲಿ ರಕ್ತದೊತ್ತಡದ ತೊಂದರೆ ಸ್ವಲ್ಪ ಹೆಚ್ಚು. ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ಗಿಡಗಳಿಗೆ ನೀರು ಹೊರುವವರು ಯಾರು, ಮಕ್ಕಳಿಗೆ ಗಂಜಿ ಬೇಯಿಸುವವರು ಯಾರು? ಇದನ್ನು ಅಣ್ಣಂದಿರ ಎದುರೇ ಕೇಳಿ, ಅವರೂ ರಕ್ತ ಪರೀಕ್ಷೆ ಮಾಡಿಸಲಿ. ರಕ್ತದ ಗುಂಪು ಹೊಂದದಿದ್ದರೂ ಒಂದು ದಾರಿಯಿದೆ: ಇದೇ ತೊಂದರೆಯ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿಯಲ್ಲಿ ಅವಕಾಶವಿದೆ. ತಮ್ಮನ ಹೆಸರನ್ನು ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಗೂ ಸೇರಿಸಿ. ಕಾಯಬೇಕಾದೀತು, ಆದರೂ ಹೆಸರು ಅಲ್ಲಿರಲಿ.

ಇಷ್ಟೆಲ್ಲ ತಿಳಿದ ಮೇಲೆ ಕೊಡುತ್ತೇನೆ ಎನ್ನುತ್ತೀರೋ, ಒಳ್ಳೆಯದು. ಇಲ್ಲ ಎನ್ನುತ್ತೀರೋ, ಅದೂ ಸರಿ. ನನಗೆ ಇನ್ನೊಂದು ಕಾಗದ ಬರೆಯಿರಿ.

ಬಿ.ಸಿ. ರೋಡಿನಿಂದ: ಭಾವನಿಗೆ ಕಿಡ್ನಿ ಬೇಕು. ಒಬ್ಬರು ಹಣ ಕೊಟ್ಟರೆ "ಸಂಬಂಧಿಕ"ನನ್ನು ಅವರೇ ಹುಡುಕಿ, ಕಾಗದಪತ್ರವನ್ನೂ ಮಾಡಿಸಿ ಕೊಡುತ್ತಾರಂತೆ. ಇಬ್ಬರಿಗೂ ಲಾಭವಲ್ಲವೇ?

ಆ ಮನುಷ್ಯನ ಫೋನನ್ನು ಇನ್ನು ಎತ್ತಬೇಡಿ. ಅಂಗಕ್ಕೆ ಹಣ ಕೊಡುವುದು, ಪಡೆಯುವುದು, ಮಧ್ಯಸ್ಥಿಕೆ ವಹಿಸುವುದು ಮೂರೂ ಅಪರಾಧ. ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿಯವರೆಗೆ ದಂಡ. ಕಿಡ್ನಿ ಮಾರಲು ಬರುವವನು ಸಾಲದಲ್ಲಿ ಮುಳುಗಿದವನು. ಅವನಿಗೆ ಬೇಡ ಎನ್ನುವ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ. ಆಪರೇಷನ್ ಆದ ಮೇಲೆ ಅವನ ಆರೋಗ್ಯವನ್ನು ವಿಚಾರಿಸುವವರೂ ಯಾರೂ ಇರುವುದಿಲ್ಲ.

ಸುರತ್ಕಲ್‌ನಿಂದ ಒಬ್ಬ ತಂದೆ: ಎರಡು ವರ್ಷದ ಹಿಂದೆ ಹೆದ್ದಾರಿಯಲ್ಲಿ ಬೈಕ್ ಬಿದ್ದು ಮಗನ ತಲೆಗೆ ಪೆಟ್ಟಾಯಿತು. 23 ವರ್ಷ. ಬ್ರೈನ್ ಡೆತ್ ಎಂದರು, ಅಂಗದಾನ ಮಾಡುತ್ತೀರಾ ಎಂದು ಕೇಳಿದರು. ಎದೆ ಏರಿಳಿಯುತ್ತಿತ್ತು, ಕೈ ಬಿಸಿ ಇತ್ತು. ನಾನು ಆಗುವುದಿಲ್ಲ ಎಂದೆ. ಅದಾದ ಮೇಲೆ ಎರಡು ದಿನ ವೆಂಟಿಲೇಟರಿನಲ್ಲೇ ಇದ್ದ. ಸತ್ತಿದ್ದರೆ ಮೆಷಿನ್ ಯಾಕೆ ತೆಗೆಯಲಿಲ್ಲ? ಬದುಕಿದ್ದರೆ ಅಂಗ ಯಾಕೆ ಕೇಳಿದರು? ಯಾರಿಗೋ ಜೀವ ಬರುತ್ತಿತ್ತು, ನಾನು ತಪ್ಪಿಸಿದೆನೋ ಎಂದು ರಾತ್ರಿಯೆಲ್ಲ ಮಂಡೆಬಿಸಿ.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನೀವು ಕೇಳಿದ ಎರಡು ಪ್ರಶ್ನೆಗೆ ಅಂದೇ ಯಾರಾದರೂ ನಿಮ್ಮ ಪಕ್ಕ ಕೂತು ಉತ್ತರ ಹೇಳಬೇಕಿತ್ತು.

ಎದೆ ಏರಿಳಿಯುತ್ತಿದ್ದದ್ದು ಮೆಷಿನ್ ಗಾಳಿ ತಳ್ಳುತ್ತಿದ್ದ ಕಾರಣ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಡ. ಅದರೊಳಗೇ ಮಿಡಿತ ಹುಟ್ಟಿಸುವ ಜಾಗವಿದೆ, ಆಮ್ಲಜನಕ ಸಿಗುವಷ್ಟು ಹೊತ್ತು ಬಡಿಯುತ್ತದೆ. ಅದಕ್ಕೇ ಕೈ ಬಿಸಿ. ಉಸಿರಾಡು ಎಂದು ಹೇಳುವ ಮಿದುಳಿನ ಕಾಂಡ ಮಾತ್ರ ಒಮ್ಮೆ ಸತ್ತರೆ ಮರಳುವುದಿಲ್ಲ, ಬ್ರೈನ್ ಡೆತ್ ಎಂದರೆ ಅದೇ. ಅದನ್ನು ಪರೀಕ್ಷಿಸುವಾಗ ಕಣ್ಣಿಗೆ ಬೆಳಕು ಬಿಟ್ಟು, ಕಣ್ಣಿನ ಮುಂದಿನ ಪದರಕ್ಕೆ ಹತ್ತಿ ಮುಟ್ಟಿಸಿ, ಕಿವಿಗೆ ತಣ್ಣೀರು ಬಿಟ್ಟು ನೋಡುತ್ತಾರೆ. ಕೊನೆಗೆ ಆಮ್ಲಜನಕ ಮಾತ್ರ ಕೊಟ್ಟು ವೆಂಟಿಲೇಟರ್ ಬಿಡಿಸಿ, ಎದೆ ತಾನಾಗಿ ಒಂದು ಸಲವಾದರೂ ಏಳುತ್ತದೆಯೇ ಎಂದು ಕಾಯುತ್ತಾರೆ. ನಾನು ಎಷ್ಟೋ ಸಲ ಆ ಮಂಚದ ಪಕ್ಕ ನಿಂತಿದ್ದೇನೆ. ಪ್ರತಿ ಸಲ ನನ್ನದೇ ಉಸಿರು ಕಟ್ಟುತ್ತಿತ್ತು. ಇದೆಲ್ಲ ಎರಡು ಸಲ ಆಗಬೇಕು, ನಡುವೆ ಕನಿಷ್ಠ ಆರು ಗಂಟೆ ಬಿಡಬೇಕು. ಸಹಿ ಹಾಕುವವರು ನಾಲ್ಕು ಮಂದಿ ವೈದ್ಯರು. ಅಂಗ ಕಸಿ ಮಾಡುವ ತಂಡದವರು ಅವರಲ್ಲಿ ಇರುವ ಹಾಗಿಲ್ಲ.

ಇನ್ನು ಮೆಷಿನ್ ಯಾಕೆ ತೆಗೆಯಲಿಲ್ಲ ಎಂಬುದು. ನಮ್ಮ ದೇಶದಲ್ಲಿ ಬ್ರೈನ್ ಡೆತ್ ಅನ್ನು ಸಾವು ಎಂದು ಹೇಳಿರುವುದು ಅಂಗಾಂಗ ಕಸಿ ಕಾಯ್ದೆಯಲ್ಲಿ. ಜನನ ಮರಣ ನೋಂದಣಿಯ ಕಾಯ್ದೆಯಲ್ಲಿ ಆ ಮಾತಿಲ್ಲ. ಅದರಿಂದ, ಮನೆಯವರು ದಾನಕ್ಕೆ ಒಪ್ಪಿದರೆ ಅದು ಸಾವು. ಒಪ್ಪದಿದ್ದರೆ ಮೆಷಿನ್ ನಿಲ್ಲಿಸಲು ವೈದ್ಯರಿಗೆ ಹೆದರಿಕೆ. ಗಡಿಯಾಚೆ, ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ, ದಾನ ಮಾಡಲಿ ಮಾಡದಿರಲಿ ಬ್ರೈನ್ ಡೆತ್ ದೃಢಪಡಿಸುವುದಕ್ಕೆ ಸರಕಾರ 2020ರಲ್ಲಿ ಮಾರ್ಗಸೂಚಿ ತಂದಿತು. ನಿಮ್ಮ ಆ ಎರಡು ದಿನಗಳ ಗೊಂದಲ ಹುಟ್ಟಿದ್ದು ಕಾನೂನಿನ ಈ ಸಂದಿಯಲ್ಲಿ. ಅದಕ್ಕೆ ನೀವು ಕಾರಣರಲ್ಲ. ಮಗ ಆ ಎರಡು ದಿನ ನೋವು ತಿನ್ನಲಿಲ್ಲ, ಅದನ್ನು ಖಂಡಿತವಾಗಿ ಹೇಳಬಲ್ಲೆ.

ನಿಮ್ಮ "ಆಗುವುದಿಲ್ಲ" ತಪ್ಪಲ್ಲ. ಕೇಳಿದ ರೀತಿಯಲ್ಲಿ ತಪ್ಪಿದ್ದಿರಬಹುದು. ಇದನ್ನು ಹೇಳುವ ಹಕ್ಕು ನನಗಿದೆ, ಯಾಕೆಂದರೆ ಅಂಥ ತಪ್ಪನ್ನು ನಾನೇ ಮಾಡಿದ್ದೇನೆ. ಸಂಯೋಜಕಿಯಾದ ಮೊದಲ ವರ್ಷ ಅದು. ಎರಡನೆಯ ಪರೀಕ್ಷೆ ಮುಗಿದು ಇಪ್ಪತ್ತು ನಿಮಿಷ ಆಗಿರಲಿಲ್ಲ. ಐಸಿಯು ಹೊರಗಿನ ಬೆಂಚಿನಲ್ಲಿ ಒಬ್ಬರು ಅಮ್ಮ ಮಡಿಲಲ್ಲಿ ಗಂಜಿಯ ತೂಕುಪಾತ್ರೆ ಹಿಡಿದು ಕೂತಿದ್ದರು, ಮಗ ಎದ್ದರೆ ಕುಡಿಸುವುದಕ್ಕೆ. ಹೊತ್ತು ಮೀರುತ್ತದೆ ಎಂಬ ಅವಸರ ನನಗೆ. ಹೃದಯವನ್ನು ತೆಗೆದ ಮೇಲೆ ಕೂಡಿಸಲು ಇರುವುದೇ ನಾಲ್ಕರಿಂದ ಆರು ಗಂಟೆ. ನಿಂತುಕೊಂಡೇ ಕೇಳಿಬಿಟ್ಟೆ. ಅವರು ನನ್ನನ್ನು ನೋಡಿ, "ಅವನು ಎದ್ದ ಮೇಲೆ ಅವನನ್ನೇ ಕೇಳಿ ಮಗಳೇ" ಎಂದರು. ಮಗ ತೀರಿಕೊಂಡಿದ್ದಾನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೂ ಮೊದಲೇ ನಾನು ಅವನ ಹೃದಯ ಕೇಳಿದ್ದೆ.

ಆ ದಿನದಿಂದ ನಾನು ಕುರ್ಚಿ ಎಳೆದು ಕೂರದೆ ಯಾರನ್ನೂ ಕೇಳಿಲ್ಲ. ಮನೆಯವರ ಬಾಯಿಂದಲೇ "ಹೋದ" ಎಂಬ ಮಾತು ಬರುವ ತನಕ ದಾನದ ಹೆಸರೆತ್ತಿಲ್ಲ. ಕೆಲವು ಸಲ ಹೊತ್ತು ಮೀರಿತು. ಪಟ್ಟಿಯಲ್ಲಿ ಕಾಯುತ್ತಿದ್ದವರಿಗೆ ಅದರಿಂದ ನಷ್ಟವಾಯಿತು, ಅದು ನನಗೆ ಇಂದಿಗೂ ಭಾರ. ಆದರೂ ಇನ್ನೊಮ್ಮೆ ಆ ಕೆಲಸ ಸಿಕ್ಕಿದರೆ ಹಾಗೆಯೇ ಮಾಡುತ್ತೇನೆ.

ನಟ ಸಂಚಾರಿ ವಿಜಯ್ ಅವರು 2021ರಲ್ಲಿ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅಂಗದಾನ ಮಾಡಿದರು. ನಾಡೆಲ್ಲ ಕೈ ಮುಗಿಯಿತು, ಮುಗಿಯಬೇಕಾದದ್ದೇ. ನಿಮ್ಮಂಥ ಮನೆಯವರ ಬಗ್ಗೆ ಮಾತ್ರ ಪತ್ರಿಕೆಯಲ್ಲಿ ಬರುವುದಿಲ್ಲ. ಮಗನ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಮನಸ್ಸು ಎಳೆದರೆ ನಿಮ್ಮ ಊರಿನ ಹುಡುಗರಿಗೆ ಹೆಲ್ಮೆಟ್ ಪಟ್ಟಿ ಬಿಗಿಯಲು ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ಕಾರ್ಕಳದಿಂದ: ಅಜ್ಜಿಗೆ 81 ವರ್ಷ. ಕಣ್ಣು ದಾನ ಮಾಡುವ ಆಸೆ ಅವರಿಗೆ. ಆದರೆ ದೊಡ್ಡಮ್ಮ "ಕಣ್ಣಿಲ್ಲದೆ ಹೋದರೆ ಕುಲೆಯಾಗಿ (ಪ್ರೇತವಾಗಿ) ತಡಕಾಡುತ್ತಾರೆ, ಆಟಿ ತಿಂಗಳಲ್ಲಿ ಸತ್ತವರಿಗೆಂದು ಬಡಿಸಿದ್ದು ಕಾಣುವುದಿಲ್ಲ" ಎನ್ನುತ್ತಾರೆ. ಅಜ್ಜಿಗೆ ಪೊರೆಯ ಆಪರೇಷನ್ ಕೂಡ ಆಗಿದೆ.

ದೊಡ್ಡಮ್ಮನ ಮಾತಿಗೆ ನಗಬೇಡಿ. ಸತ್ತವರು ಹಸಿದಿರಬಾರದು ಎಂದು ಎಲೆ ಹಾಕುವ ಮನಸ್ಸಿನಿಂದ ಬಂದ ಮಾತು ಅದು. ಸುಡುವ ಚಿತೆಯಲ್ಲಿ ಕಣ್ಣೂ ಹೋಗುತ್ತದೆ, ಹಾಗಿದ್ದೂ ನಮ್ಮ ಹಿರಿಯರು ಬಡಿಸಿದ ಎಲೆಯನ್ನು ಹುಡುಕಿಕೊಂಡು ಬರುತ್ತಾರೆ ಎಂದೇ ನಾವು ನಂಬಿರುವುದು. ಅಷ್ಟನ್ನು ಮೆಲ್ಲಗೆ ಹೇಳಿ ನೋಡಿ.

ವಯಸ್ಸು, ಕನ್ನಡಕ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಉಪಯೋಗಕ್ಕೆ ಬರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಆರು ಗಂಟೆಯೊಳಗೆ ತೆಗೆಯಬೇಕು, ಮನೆಗೇ ಬಂದು ತೆಗೆಯುತ್ತಾರೆ. ಮುಖ ಕೆಡುವುದಿಲ್ಲ. ಉಸಿರು ನಿಂತ ಕೂಡಲೇ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ನಿಲ್ಲಿಸಿ, ತಲೆಯಡಿಗೆ ದಿಂಬು ಕೊಡಿ, ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಅಜ್ಜಿ ಕಾಗದಕ್ಕೆ ಸಹಿ ಹಾಕಿದ್ದರೂ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಹಾಗಾಗಿ ಅಜ್ಜಿಯೇ ಒಂದು ದಿನ ದೊಡ್ಡಮ್ಮನನ್ನು ಹತ್ತಿರ ಕೂರಿಸಿಕೊಂಡು ತನ್ನ ಬಾಯಿಯಿಂದ ಹೇಳಲಿ.

ನನ್ನ ಅಮ್ಮನ ಕಣ್ಣು ಕೊಟ್ಟು ಆರು ವರ್ಷವಾಯಿತು. ಯಾರಿಗೆ ಹೋಯಿತು ಎಂದು ನಾನು ಕೇಳಲಿಲ್ಲ, ನೇತ್ರ ಬ್ಯಾಂಕಿನವರೂ ಹೇಳಲಿಲ್ಲ. ಆ ವರ್ಷ ಆಟಿಯಲ್ಲಿ ಅಮ್ಮನ ಎಲೆಗೆ ಪತ್ರೊಡೆ ಬಡಿಸಿ, ಬಾಗಿಲು ಓರೆ ಮಾಡಿ, ಹೊರಗೆ ಜಗಲಿಯಲ್ಲಿ ಕೂತೆ. ಮಳೆ ಜೋರಾಗಿತ್ತು.